ಹಡಗಿನಲ್ಲಿ ಬಾರದ ಮೋಟಾರು

ಹೋದ ತಿಂಗಳು ದಾವಣಗೆರೆಯ ಮಂಡಿಪೇಟೆಯ ಹಿಂದಿನ ಚಹದಂಗಡಿಯಲ್ಲಿ ಹಳೆಯ ಪರಿಚಯದ ಹುಡುಗನೊಬ್ಬ ಸಿಕ್ಕಿದ. ಹುಡುಗ ಎಂದೆವು, ವಯಸ್ಸು ನಲವತ್ತು ದಾಟಿದೆ. ಅವನ ತಂದೆ ಇಲ್ಲಿಯ ಹತ್ತಿಗಿರಣಿಯೊಂದರಲ್ಲಿ ರಿಂಗ್ ಫ್ರೇಮ್ ಖಾತೆಯ ಫಿಟ್ಟರಾಗಿದ್ದವರು, ಮುಷ್ಕರದ ದಿನಗಳಲ್ಲಿ ನಮ್ಮೊಡನೆ ಗೇಟಿನ ಮುಂದೆ ಕುಳಿತವರು. ಊರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಮಗ ಅದೇ ಕಸುಬನ್ನು ಕಲಿತು ಮೊದಲು ಕೊಯಮತ್ತೂರಿಗೆ ಹೋದ, ಅಲ್ಲಿಂದ ಆಫ್ರಿಕೆಗೆ. ಒಂಬತ್ತು ವರ್ಷಗಳಿಂದ ಕೆನ್ಯಾ ದೇಶದ ಥೀಕಾ ಎಂಬ ಊರಿನ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದಾನೆ. ಥೀಕಾ ಎಂದರೆ ರಾಜಧಾನಿ ನೈರೋಬಿಯಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕಾರ್ಖಾನೆಗಳ ಊರು.

ಕುಶಲ ಪ್ರಶ್ನೆಯೆಲ್ಲ ಆಯಿತು. ಮನೆ ಕಟ್ಟಿಸುವ ಮಾತು ಎಲ್ಲಿಗೆ ಬಂತಪ್ಪಾ ಎಂದು ಕೇಳಿದೆವು. ಅವನು ಬಸಿಯನ್ನು ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಮನಿ ದುಡ್ಡು ಸಮುದ್ರಕ್ಕೆ ಹೋತು ಮಾವ. ದುಡ್ಡು ಹೋಗಿದ್ದಕ್ಕಿಂತ ಯಾರಿಗೂ ಹೇಳೋಹಂಗಿಲ್ಲ ಅನ್ನೋದೇ ದೊಡ್ಡದಾತು” ಎಂದ. ಅವನು ಹೇಳಿದ್ದನ್ನು ಅವನ ಒಪ್ಪಿಗೆಯಿಂದಲೇ, ಹೆಸರು ಬಿಟ್ಟು, ಇಲ್ಲಿ ಬರೆಯುತ್ತಿದ್ದೇವೆ.

ಅವನ ಖಾತೆಯಲ್ಲಿ ಆ ದೇಶದವನೇ ಆದ ಒಬ್ಬ ಜಾಬರ್ ಇದ್ದಾನೆ; ಇಬ್ಬರಿಗೂ ಒಳ್ಳೆಯ ಸ್ನೇಹ. ಜಾಬರನ ತಮ್ಮನಿಗೆ ಕೆಲಸವಿಲ್ಲ, ಮೋಟಾರು ನಡೆಸಲು ಬರುತ್ತದೆ. ಒಂದು ಗಾಡಿ ಕೊಂಡು ಬೆಳಗಿನ ಜಾವ ತರಕಾರಿಯನ್ನು ನೈರೋಬಿಗೆ ಒಯ್ಯುವುದು, ಸಂಜೆ ಬಾಡಿಗೆಗೆ ಜನರನ್ನು ಕೂರಿಸುವುದು ಎಂದು ಮೂವರೂ ಸೇರಿ ಲೆಕ್ಕ ಹಾಕಿದರು. ಟೊಯೋಟಾ ಪ್ರೋಬಾಕ್ಸ್ ಎಂಬ ಗಾಡಿ ಆ ದೇಶದ ಬಡವರ ಎತ್ತು. ಜಪಾನಿನಲ್ಲಿ ಅಂಗಡಿಯ ಸಾಮಾನು ಹಂಚಲೆಂದು ಮಾಡಿದ ಈ ಸಾದಾ ಗಾಡಿಯ ಮೇಲೆ ಕೆನ್ಯಾದ ಹಳ್ಳಿಗಾಡಿನಲ್ಲಿ ಮೂಟೆ, ಕುರಿ, ಮನುಷ್ಯ ಎಲ್ಲವೂ ಏರುತ್ತವೆ. ಹೊಸದನ್ನು ಕೊಳ್ಳುವ ಶಕ್ತಿ ಇವರಿಗೆಲ್ಲಿ ಬರಬೇಕು? ಅಲ್ಲಿ ಎಲ್ಲರೂ ಮಾಡುವಂತೆ ಜಪಾನಿನಿಂದ ಹಳೆಯದನ್ನು ತರಿಸುವುದೆಂದು ಗೊತ್ತಾಯಿತು.

ಜಾಲತಾಣದಲ್ಲಿ ಒಂದು ಕಂಪನಿ ಸಿಕ್ಕಿತು. ನೂರಾರು ಗಾಡಿಗಳ ಚಿತ್ರ, ಪ್ರತಿಯೊಂದಕ್ಕೂ ಚಾಸಿ ನಂಬರು, ಹರಾಜಿನ ದರ್ಜೆಯ ಚೀಟಿ, ಜಪಾನಿನ ವಿಳಾಸ. ೨೦೧೭ರ ಒಂದು ಪ್ರೋಬಾಕ್ಸ್, ಮೊಂಬಾಸಾ ಬಂದರಿಗೆ ತಲಪಿಸುವ ಖರ್ಚೂ ಸೇರಿ ೪,೮೦೦ ಡಾಲರು. ನಮ್ಮ ಹಣದಲ್ಲಿ ಸುಮಾರು ನಾಲ್ಕು ಲಕ್ಷ ರೂಪಾಯಿ. ಬೇರೆ ಕಡೆ ಕೇಳಿದಾಗ ಆರು ಸಾವಿರ ಡಾಲರಿನ ಮೇಲೆಯೇ ಹೇಳಿದ್ದರು. ವಾಟ್ಸಾಪಿನಲ್ಲಿ ಮಾತಾಡಿದವನು ಬಹಳ ಮರ್ಯಾದಸ್ಥ. ಗಾಡಿಯ ಮುಂದೆ ಒಂದು ಕಾಗದದ ಮೇಲೆ ಇವರ ಹೆಸರು ಬರೆದಿಟ್ಟು ಚಿತ್ರವನ್ನೂ ಕಳಿಸಿದ. ಅದನ್ನು ನೋಡಿ ಜಾಬರನ ಹೆಂಡತಿ ದೇವರಿಗೆ ಕೈ ಮುಗಿದಳಂತೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಮೊದಲ ನೋಂದಣಿಯಾಗಿ ಎಂಟು ವರ್ಷ ಮೀರಿದ ಮೋಟಾರನ್ನು ಕೆನ್ಯಾ ಸರ್ಕಾರ ಒಳಗೆ ಬಿಡುವುದಿಲ್ಲ. ಪ್ರತಿ ಜನವರಿ ೧ಕ್ಕೆ ಲೆಕ್ಕ ಒಂದು ವರ್ಷ ಮುಂದಕ್ಕೆ ಸರಿಯುತ್ತದೆ. ೨೦೧೭ರ ಗಾಡಿ ೨೦೨೪ರ ಡಿಸೆಂಬರ್ ಮುಗಿಯುವುದರೊಳಗೆ ಬಂದರನ್ನು ಮುಟ್ಟಬೇಕು, ತಪ್ಪಿದರೆ ಅಲ್ಲಿಂದಲೇ ಹಿಂದಕ್ಕೆ. ಇವರು ವಿಚಾರಿಸುತ್ತಿದ್ದುದು ೨೦೨೪ರ ಅಕ್ಟೋಬರಿನಲ್ಲಿ. “ಹಡಗು ಈ ವಾರ ಹೊರಡುತ್ತದೆ, ಮುಂದಿನದಕ್ಕೆ ಕಾದರೆ ನಿಮ್ಮ ಗಾಡಿ ಗಡುವಿನೊಳಗೆ ಮುಟ್ಟುವುದಿಲ್ಲ” ಎಂದು ಆ ಮರ್ಯಾದಸ್ಥ ಹೇಳಿದ. ಅದು ಸುಳ್ಳಲ್ಲ! ಜಪಾನಿನಿಂದ ಮೊಂಬಾಸಾಕ್ಕೆ ಹಡಗು ಬರಲು ತಿಂಗಳು, ಒಂದೂವರೆ ತಿಂಗಳು ಹಿಡಿಯುವುದುಂಟು. ಮೋಸಗಾರನು ಸರ್ಕಾರದ ಕಾನೂನನ್ನೇ ಚಾಟಿಯಾಗಿ ಹಿಡಿದು ಇವರನ್ನು ಓಡಿಸಿದನು.

ಹಣ ಕಳಿಸುವ ದಿನ ಬೆಳಿಗ್ಗೆ ಇನ್ನೊಂದು ಸಂದೇಶ ಬಂತು. ಜಪಾನಿನ ಖಾತೆಯಲ್ಲಿ ಲೆಕ್ಕಪರಿಶೋಧನೆ ನಡೆಯುತ್ತಿದೆ, ಈ ಬೇರೆ ಖಾತೆಗೆ ಹಾಕಿರಿ ಎಂದು. ಖಾತೆ ಬೇರೊಂದು ದೇಶದ ಬ್ಯಾಂಕಿನದು. ಖಾತೆದಾರನ ಹೆಸರಿನ ಜಾಗದಲ್ಲಿ ಬರೆಯಲು ಕಂಪನಿಯ ಹೆಸರನ್ನೇ ಕೊಟ್ಟಿದ್ದನು. ಇವನು ಎರಡು ಲಕ್ಷ, ಜಾಬರ್ ತನ್ನ ಸಹಕಾರ ಸಂಘದಿಂದ ಸಾಲವೆತ್ತಿ ಎರಡು ಲಕ್ಷ. ಹಣ ಹೋಯಿತು.

ಹತ್ತು ದಿನಕ್ಕೆ ಬಿಲ್ ಆಫ್ ಲೇಡಿಂಗ್ ಎಂಬ ಹಡಗು ರಸೀದಿಯ ಪ್ರತಿ ಬಂತು. ಹಡಗಿನ ಹೆಸರು ನಿಜ, ಅದು ಮೊಂಬಾಸಾಕ್ಕೆ ಬರುವುದೂ ನಿಜ. ಆ ಹಡಗು ಸಮುದ್ರದಲ್ಲಿ ಎಲ್ಲಿದೆಯೆಂದು ಜಾಬರನ ಮಗ ದಿನವೂ ಫೋನಿನಲ್ಲಿ ನೋಡುತ್ತಿದ್ದನಂತೆ. ನವೆಂಬರಿನಲ್ಲಿ ಇನ್ನೂ ೬೫೦ ಡಾಲರು ಕೇಳಿದರು, ದಾರಿಯ ಬಂದರಿನಲ್ಲಿ ಗಾಡಿಯನ್ನು ತಡೆದಿದ್ದಾರೆಂದು. ಅದನ್ನೂ ಕೊಟ್ಟರು. ಕೊಡದೆ ಏನು ಮಾಡಬೇಕು? ೪,೮೦೦ ಹೋದಮೇಲೆ ೬೫೦ಕ್ಕೆ ಹಿಂದೆ ಸರಿಯುವವರಾರು? ಹಡಗು ಬಂದ ದಿನ ಇಬ್ಬರೂ ರಜೆ ಹಾಕಿ ರಾತ್ರಿಯ ಬಸ್ಸಿನಲ್ಲಿ ಮೊಂಬಾಸಾಕ್ಕೆ ಹೋದರು. ಹಡಗಿನ ಏಜೆಂಟರ ಕಚೇರಿಯಲ್ಲಿ ಗುಮಾಸ್ತೆ ರಸೀದಿಯ ನಂಬರನ್ನು ತನ್ನ ಯಾದಿಯಲ್ಲಿ ನೋಡಿದಳು, ಇನ್ನೊಮ್ಮೆ ನೋಡಿದಳು, ಚೀಟಿಯನ್ನು ಹಿಂದಕ್ಕೆ ಸರಿಸಿ, “ಈ ತಿಂಗಳು ನೀವು ನಾಲ್ಕನೆಯವರು” ಎಂದಳು.

ಅನಂತರ ಗೊತ್ತಾಯಿತು, ಆ ಗಾಡಿ ಇದ್ದದ್ದು ನಿಜವೇ. ಚಾಸಿ ನಂಬರು ಹಿಡಿದು ಹುಡುಕಿದಾಗ ಜಪಾನಿನ ನಿಜವಾದ ವ್ಯಾಪಾರಿಯೊಬ್ಬರು ಸಿಕ್ಕಿ, ಚಿತ್ರಗಳು ನಮ್ಮವೇ, ಗಾಡಿಯನ್ನು ಎರಡು ತಿಂಗಳ ಹಿಂದೆಯೇ ಬೇರೊಂದು ದೇಶಕ್ಕೆ ಮಾರಿದ್ದೇವೆ, ನಮ್ಮ ಚಿತ್ರ ಕದ್ದವರಿಂದ ನಮಗೂ ಕೆಟ್ಟ ಹೆಸರು ಎಂದು ವಿನಯದಿಂದ ಉತ್ತರ ಬರೆದರು. ಆ ಮೋಸದ ಕಂಪನಿಯ ಹೆಸರಿಗೂ ಇನ್ನೊಂದು ಒಳ್ಳೆಯ ಕಂಪನಿಯ ಹೆಸರಿಗೂ ಒಂದೇ ಅಕ್ಷರದ ವ್ಯತ್ಯಾಸ.

ಈ ಕಥೆ ಕೇಳಿದವರು ಮೊದಲು ಹೇಳುವ ಮಾತು ನಮಗೆ ಗೊತ್ತಿದೆ. ನಮ್ಮ ಮೇಜಿನ ಪಕ್ಕದಲ್ಲಿ ಕುಳಿತಿದ್ದ ಜವಳಿ ವ್ಯಾಪಾರಿಯೊಬ್ಬರು ಆಗಲೇ ಹೇಳಿಯೂ ಬಿಟ್ಟರು: “ಆಸೆ ಕೆಡಿಸ್ತು ನೋಡ್ರಿ. ಆರು ಸಾವಿರದ ಮಾಲು ನಾಲ್ಕೂ ಎಂಟುನೂರಕ್ಕೆ ಯಾಕೆ ಸಿಗುತ್ತೆ ಅಂತ ಕೇಳಬೇಕಿತ್ತು.” ಕೇಳಬೇಕಿತ್ತು, ನಿಜ. ನಮ್ಮ ಹುಡುಗನೂ ಅದನ್ನು ಒಪ್ಪುತ್ತಾನೆ. ಆದರೆ ಆ ಜವಳಿ ವ್ಯಾಪಾರಿಗಳೇ ಸೂರತ್ತಿನಲ್ಲಿ ಮೀಟರಿಗೆ ನಾಲ್ಕಾಣೆ ಕಡಿಮೆ ಎಂದರೆ ರೈಲು ಹತ್ತುವವರು. ಅದಕ್ಕೆ ನಾವು ವ್ಯಾಪಾರ ಜಾಣ್ಮೆ ಎನ್ನುತ್ತೇವೆ. ಕೂಲಿಯವನು ಅಗ್ಗದ ಕಡೆ ನೋಡಿದರೆ ಮಾತ್ರ ದುರಾಸೆ! ಸಾವಿರದ ಇನ್ನೂರು ಡಾಲರು ಉಳಿದರೆ ಅದು ಜಾಬರನಿಗೆ ಎಷ್ಟೋ ತಿಂಗಳ ಸಂಬಳ. ಬಡವನು ಅಗ್ಗವನ್ನು ಹುಡುಕುವುದು ಚಪಲದಿಂದಲ್ಲ, ಲೆಕ್ಕದಿಂದ.

ಮೇಲಾಗಿ ಈ ವ್ಯಾಪಾರದಲ್ಲಿ ಅಗ್ಗ ಎಂಬುದು ಅನುಮಾನಕ್ಕೆ ಕಾರಣವೇ ಆಗದಂತಹ ಪರಿಸ್ಥಿತಿ ಇದೆ. ಅದಕ್ಕೆ ಜಪಾನಿನ ಕಡೆ ಸ್ವಲ್ಪ ನೋಡಬೇಕು. ಅಲ್ಲಿ ಷಾಕೆನ್ ಎಂಬ ಕಡ್ಡಾಯ ತಪಾಸಣೆಯಿದೆ. ಖಾಸಗಿ ಮೋಟಾರಿಗೆ ಕೊಂಡ ಮೂರು ವರ್ಷಕ್ಕೆ ಮೊದಲನೆಯದು, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಸಾಮಾನು ಸಾಗಿಸುವ ಗಾಡಿಗೆ ಇನ್ನೂ ಬೇಗ. ಪ್ರತಿ ಸಲವೂ ಕೈಬಿಚ್ಚಿ ಖರ್ಚು ಮಾಡಬೇಕು. ಪೆಟ್ರೋಲ್ ಗಾಡಿಗೆ ಹದಿಮೂರು ವರ್ಷ ತುಂಬಿದರೆ ತೆರಿಗೆಯೂ ಏರುತ್ತದೆ. ಹೀಗಾಗಿ ಇನ್ನೂ ಹತ್ತು ವರ್ಷ ಓಡಬಲ್ಲ ಗಾಡಿಯನ್ನು ಅಲ್ಲಿಯ ಗೃಹಸ್ಥರು ಹರಾಜಿಗೆ ತಳ್ಳಿ ಹೊಸದನ್ನು ಕೊಳ್ಳುತ್ತಾರೆ. ಕಾರ್ಖಾನೆಗಳ ಯಂತ್ರ ನಿಲ್ಲದೆ ತಿರುಗಬೇಕಾದರೆ ಹಳೆಯದು ಬೀದಿಯಿಂದ ತೊಲಗಬೇಕಲ್ಲವೇ? ಜಪಾನಿನವರಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುವ ಕೆನ್ಯಾ, ತಾಂಜಾನಿಯಾ, ಉಗಾಂಡ, ಜಾಂಬಿಯಾಗಳಿಗೆ ಆ ಗಾಡಿ ಹೇಳಿ ಮಾಡಿಸಿದಂತಿರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ೨೦೨೦ರಲ್ಲಿ ಪ್ರಕಟಿಸಿದ ವರದಿಯಂತೆ ೨೦೧೫ರಿಂದ ೨೦೧೮ರವರೆಗೆ ಜಗತ್ತಿನಲ್ಲಿ ೧ ಕೋಟಿ ೪೦ ಲಕ್ಷ ಹಳೆಯ ಲಘು ವಾಹನಗಳು ದೇಶದಿಂದ ದೇಶಕ್ಕೆ ಹೋದವು. ಕಳಿಸಿದವರಲ್ಲಿ ಮುಖ್ಯರು ಯೂರೋಪು, ಜಪಾನು, ಅಮೆರಿಕ. ಬಹುಪಾಲು ಹೋದದ್ದು ಬಡ ದೇಶಗಳಿಗೆ. ಎಲ್ಲರಿಗಿಂತ ಹೆಚ್ಚು ಪಡೆದದ್ದು ಆಫ್ರಿಕ.

ಶ್ರೀಮಂತ ದೇಶಕ್ಕೆ ಯಾವುದು ತಿಪ್ಪೆಯೋ ಬಡ ದೇಶಕ್ಕೆ ಅದೇ ಜೀವನೋಪಾಯ. ಥೀಕಾದಲ್ಲೇ ಮೋಟಾರುಗಳನ್ನು ಜೋಡಿಸುವ ಕಾರ್ಖಾನೆಯೊಂದಿದೆ. ಅದರ ಮುಂದೆ ಹಾದು ಗಿರಣಿಗೆ ಹೋಗುವ ಕೂಲಿಗಾರನು ತನ್ನ ಗಾಡಿಯನ್ನು ಏಳು ಸಮುದ್ರದಾಚೆ ಹುಡುಕಬೇಕಾಗಿದೆ. ಗಾಡಿ ಬಂದರೂ ಗಂಡಾಂತರ ಮುಗಿಯುವುದಿಲ್ಲ. ಆಮದು ಸುಂಕ, ಅಬಕಾರಿ, ೧೬ ಪಾಲು ಮೌಲ್ಯವರ್ಧಿತ ತೆರಿಗೆ, ರೈಲ್ವೆ ಅಭಿವೃದ್ಧಿಯ ಕರ, ಎಲ್ಲವನ್ನೂ ಅವನು ಕೊಟ್ಟ ಬೆಲೆಯ ಮೇಲಲ್ಲ, ಸರ್ಕಾರ ತಾನೇ ಪಟ್ಟಿಮಾಡಿದ ಬೆಲೆಯಿಂದ ವಯಸ್ಸಿನ ಸವಕಳಿ ಕಳೆದು ಹಾಕುತ್ತಾರೆ. ಅಂದಮೇಲೆ ಬಡ ಗಿರಾಕಿಗೆ ಉಳಿಸಲು ಇರುವ ಜಾಗ ಒಂದೇ, ಜಪಾನಿನ ಬೆಲೆ. ಮೋಸಗಾರನ ಬಲೆಯೂ ಅಲ್ಲೇ ಹರಡಿದೆ.

ಈಗ ನಮ್ಮ ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ನಿಮ್ಮ ತಂದೆ, ಅಜ್ಜಂದಿರ ಕಾಲದಲ್ಲಿ ಪರಊರಿನಿಂದ ಮಾಲು ಹೇಗೆ ಬರುತ್ತಿತ್ತು? ಗುಂಟೂರಿನ ವರ್ತಕ ಮೆಣಸಿನಕಾಯಿಯನ್ನು ರೈಲಿಗೆ ಹಾಕಿ, ರೈಲ್ವೆ ರಸೀದಿಯನ್ನು ಹುಂಡಿಯ ಜೊತೆ ಬ್ಯಾಂಕಿಗೆ ಕಳಿಸುತ್ತಿದ್ದ. ಮಂಡಿಯ ಸಾಹುಕಾರರು ಬ್ಯಾಂಕಿಗೆ ಹೋಗಿ ಹಣ ಕಟ್ಟಿ ರಸೀದಿ ಬಿಡಿಸಿಕೊಂಡು ಸ್ಟೇಷನ್ನಿನಲ್ಲಿ ಮಾಲು ಇಳಿಸಿಕೊಳ್ಳುತ್ತಿದ್ದರು. ರಸೀದಿ ಇಲ್ಲದೆ ಹಣವಿಲ್ಲ, ಹಣವಿಲ್ಲದೆ ರಸೀದಿ ಇಲ್ಲ. ಗುಂಟೂರಿನವನ ಮುಖವನ್ನು ನಿಮ್ಮ ಅಜ್ಜ ನೋಡಿರದಿದ್ದರೂ ವ್ಯಾಪಾರ ನಡೆಯುತ್ತಿತ್ತು. ನಂಬಿಕೆ ಮನುಷ್ಯನ ಮೇಲೆ ಇರಲಿಲ್ಲ, ಕ್ರಮದ ಮೇಲೆ ಇತ್ತು. ಸಮುದ್ರದ ವ್ಯಾಪಾರದಲ್ಲಿಯೂ ಇದೇ ಕ್ರಮ ನೂರಾರು ವರ್ಷಗಳಿಂದ ಇದೆ. ದೊಡ್ಡ ಕಂಪನಿಗಳು ಇಂದಿಗೂ ಬ್ಯಾಂಕಿನ ಸಾಖಪತ್ರದ ಮೂಲಕವೋ, ದಸ್ತಾವೇಜು ಬಂದಮೇಲೆ ಪಾವತಿ ಮಾಡುವ ಕರಾರಿನ ಮೂಲಕವೋ ಮಾಲು ತರಿಸುತ್ತಾರೆ. ಒಂದು ಹಡಗಿನ ತುಂಬ ಗೋಧಿ ತರಿಸುವವನು ಮುಂಗಡವಾಗಿ ಪೂರ್ತಿ ಹಣ ಸುರಿದು ಕೈಮುಗಿದು ಕೂರುವುದಿಲ್ಲ.

ಒಂದು ಗಾಡಿ ತರಿಸುವವನು ಮಾತ್ರ ಕೂರಬೇಕು. ಈ ಹಳೆಯ ಮೋಟಾರಿನ ವ್ಯಾಪಾರದಲ್ಲಿ ತಂತಿ ವರ್ಗಾವಣೆಯಿಂದ ಮುಂಗಡ ಕಳಿಸುವುದೇ ರೂಢಿ. ಪ್ರಾಮಾಣಿಕ ವ್ಯಾಪಾರಿಯೂ ಅದನ್ನೇ ಕೇಳುತ್ತಾನೆ. ಕೆಲವರು ಒಂದು ಪಾಲು ಮೊದಲು ಪಡೆದು, ಉಳಿದದ್ದು ಬಂದಮೇಲೆ ಮೂಲ ರಸೀದಿ ಕಳಿಸುತ್ತಾರೆ, ಅಷ್ಟು ಸಮಾಧಾನ. ನಾಲ್ಕು ಲಕ್ಷದ ಕೆಲಸಕ್ಕೆ ಸಾಖಪತ್ರ ತೆಗೆಯಹೋದರೆ ಬ್ಯಾಂಕಿನ ಕಮಿಷನ್ನು, ಜಾಮೀನು, ಕಾಗದಪತ್ರಗಳಲ್ಲೇ ಉಳಿತಾಯವೆಲ್ಲ ಕರಗುತ್ತದೆ. ಮ್ಯಾನೇಜರು ಬಾಗಿಲಲ್ಲೇ ಬೇಡವೆನ್ನುತ್ತಾನೆ. ಎಲ್ಲ ಅಪಾಯವನ್ನೂ ಅತ್ಯಂತ ದುರ್ಬಲನ ತಲೆಯ ಮೇಲೆ ಹೊರಿಸಿದ ವ್ಯಾಪಾರ ಇದು. ಪ್ರಾಮಾಣಿಕನೂ ಕಳ್ಳನೂ ಒಂದೇ ಮಾತಿನಲ್ಲಿ ಹಣ ಕೇಳುವ ಕಡೆ ಕಳ್ಳನನ್ನು ಗುರುತಿಸು ಎಂದು ಗಿರಾಕಿಗೆ ಉಪದೇಶ ಮಾಡುವುದರಲ್ಲಿ ಏನು ಅರ್ಥವಿದೆ?

ಸಾಖಪತ್ರದಿಂದ ಎಲ್ಲವೂ ಸರಿಹೋಗುತ್ತದೆಂದು ನಾವು ಹೇಳುವುದಿಲ್ಲ. ಬ್ಯಾಂಕು ನೋಡುವುದು ಕಾಗದವನ್ನು, ಗಾಡಿಯನ್ನಲ್ಲ. ಖೊಟ್ಟಿ ಹಡಗು ರಸೀದಿ ಅಲ್ಲಿಯೂ ನುಸುಳಿದ್ದುಂಟು. ಆದರೂ ಕಾಗದ ತರುವವನು ತನ್ನ ಊರಿನ ಬ್ಯಾಂಕಿನ ಮುಂದೆ ಹೆಸರು, ವಿಳಾಸ ಸಹಿತ ನಿಲ್ಲಬೇಕಾಗುತ್ತದೆ. ವಾಟ್ಸಾಪಿನ ಮರ್ಯಾದಸ್ಥ ಅಲ್ಲಿಗೆ ಬರುತ್ತಿರಲಿಲ್ಲ.

ಬ್ಯಾಂಕುಗಳ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಇವರು ಚೀಟಿಯಲ್ಲಿ ಕಂಪನಿಯ ಹೆಸರು ಬರೆದರು. ಆ ನಂಬರಿನ ಖಾತೆ ಇದ್ದದ್ದು ಯಾವನೋ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಎಂದು ಆಮೇಲೆ ತಿಳಿಯಿತು. ಹೆಸರು ಬೇರೆ, ನಂಬರು ಬೇರೆ, ಆದರೂ ಹಣ ಜಮೆಯಾಯಿತು! ಯಂತ್ರ ನಂಬರನ್ನಷ್ಟೇ ಓದುತ್ತದೆಯಂತೆ. ಹಾಗಾದರೆ ಹೆಸರು ಬರೆಯಲು ಜಾಗ ಬಿಟ್ಟದ್ದು ಅಲಂಕಾರಕ್ಕೋ? ಇದನ್ನು ಸರಿಪಡಿಸುವುದು ಅಸಾಧ್ಯವೆಂದು ಯಾರೂ ಹೇಳುವಂತಿಲ್ಲ. ಬ್ರಿಟನ್ನಿನ ದೊಡ್ಡ ಬ್ಯಾಂಕುಗಳು ೨೦೨೦ರಿಂದ ಹೆಸರನ್ನು ತಾಳೆ ನೋಡುತ್ತಿವೆ. ಯೂರೋ ನಾಣ್ಯದ ದೇಶಗಳಲ್ಲಿ ೨೦೨೫ರ ಅಕ್ಟೋಬರಿನಿಂದ ಇದು ಕಡ್ಡಾಯವಾಯಿತು. ನಮ್ಮ ರಿಸರ್ವ್ ಬ್ಯಾಂಕು ಕೂಡ, ದೇಶದೊಳಗಿನ ವರ್ಗಾವಣೆಗಳಿಗೆ ಹಣ ಕಳಿಸುವ ಮೊದಲೇ ಖಾತೆದಾರನ ಹೆಸರು ಕಾಣುವ ಏರ್ಪಾಡನ್ನು ೨೦೨೫ರ ಏಪ್ರಿಲ್ ೧ರ ಒಳಗೆ ಮಾಡಬೇಕೆಂದು ೨೦೨೪ರ ಡಿಸೆಂಬರಿನಲ್ಲಿ ಬ್ಯಾಂಕುಗಳಿಗೆ ಆಜ್ಞೆ ಮಾಡಿತು. ದೇಶದೊಳಗೆ ಸಾಧ್ಯವಾದದ್ದು ಗಡಿ ದಾಟಿದ ಕೂಡಲೇ ಏಕೆ ಅಸಾಧ್ಯವಾಗಬೇಕು? ಗಡಿ ದಾಟುವ ಹಣದ ಮೇಲೆ ಬ್ಯಾಂಕು ತೆಗೆದುಕೊಳ್ಳುವ ಶುಲ್ಕ ಹೆಚ್ಚು, ಹೊರುವ ಹೊಣೆ ಕಡಿಮೆ. ಇದನ್ನು ನಾವು ಒಪ್ಪತಕ್ಕದ್ದಲ್ಲ.

ಇನ್ನು ಕಚೇರಿಗಳ ಪ್ರದಕ್ಷಿಣೆ. ಮೊದಲನೆಯ ಕಚೇರಿಯಲ್ಲಿ ದೂರು ಬರೆದುಕೊಂಡು, ಅಪರಾಧ ನಡೆದದ್ದು ಜಪಾನಿನಲ್ಲಿ ಎಂದರು. ಜಪಾನಿನ ಕಡೆಗೆ ಬರೆದರೆ, ಆ ವಿಳಾಸದಲ್ಲಿ ಅಂತಹ ಕಂಪನಿ ಇಲ್ಲ, ಆದುದರಿಂದ ಇಲ್ಲಿ ಏನೂ ನಡೆದಿಲ್ಲ ಎಂದು ಉತ್ತರ. ಹಣ ಇಳಿದ ಮೂರನೆಯ ದೇಶದ ಬ್ಯಾಂಕು, ಖಾತೆದಾರರ ವಿವರ ಗುಟ್ಟು ಎಂದಿತು. ಬಂಡವಾಳಕ್ಕೆ ಗಡಿಗಳಿಲ್ಲ, ಅದು ಕ್ಷಣಾರ್ಧದಲ್ಲಿ ಮೂರು ದೇಶ ದಾಟುತ್ತದೆ. ಅದನ್ನು ಹಿಂಬಾಲಿಸಹೊರಟ ಕೂಲಿಗಾರನ ದೂರಿಗೆ ಮಾತ್ರ ಪ್ರತಿ ಗಡಿಯಲ್ಲೂ ಗೇಟು. ನಾಲ್ಕು ಲಕ್ಷಕ್ಕಾಗಿ ಯಾವ ದೇಶದ ಪೋಲೀಸರೂ ಸಮುದ್ರ ದಾಟುವುದಿಲ್ಲ, ಮೋಸಗಾರನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿದೆ. ಒಬ್ಬನಿಂದ ನಾಲ್ಕು ಕೋಟಿ ಕದ್ದರೆ ಹಿಡಿಯುತ್ತಾರೆ. ನೂರು ಜನರಿಂದ ನಾಲ್ಕು ನಾಲ್ಕು ಲಕ್ಷ ಕದ್ದರೆ ನೂರು ಸಣ್ಣ ದೂರುಗಳಾಗುತ್ತವೆ, ಅವು ಒಂದು ಕಡೆ ಸೇರುವುದೇ ಇಲ್ಲ. ಗುಮಾಸ್ತೆ ಹೇಳಿದ ಆ ಇತರ ಮೂವರು ಯಾರೆಂದು ನಮ್ಮ ಹುಡುಗನಿಗೆ ಇಂದಿಗೂ ಗೊತ್ತಿಲ್ಲ. ಅವರೂ ನಾಚಿಕೊಂಡು ಮನೆ ಸೇರಿರಬೇಕು.

ಹೊರದೇಶದಲ್ಲಿರುವ ನಮ್ಮವರು ಈ ಪತ್ರಿಕೆಯನ್ನು ತರಿಸಿ ಓದುವುದುಂಟು, ಅವರಿಗಾಗಿ ನಾಲ್ಕು ಉಪಯೋಗದ ಮಾತು. ಜಪಾನಿನಲ್ಲಿ ಹಳೆಯ ವಸ್ತುಗಳ ವ್ಯಾಪಾರ ಮಾಡುವವನಿಗೆ ೧೯೪೯ರ ಕಾನೂನಿನಂತೆ ಪ್ರಾಂತದ ಸಾರ್ವಜನಿಕ ಸುರಕ್ಷತಾ ಆಯೋಗದ ಪರವಾನಗಿ ಬೇಕು. ಅದರ ನಂಬರನ್ನು ಕೇಳಿರಿ. ೨೦೧೫ರಿಂದ ಅಲ್ಲಿಯ ಪ್ರತಿ ಕಂಪನಿಗೂ ಹದಿಮೂರು ಅಂಕೆಯ ಗುರುತಿನ ಸಂಖ್ಯೆಯಿದೆ, ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಹೆಸರಿನ ಒಂದಕ್ಷರದ ಆಟ ಅಲ್ಲಿ ಬಯಲಾಗುತ್ತದೆ. ಹಳೆಯ ಮೋಟಾರು ರಫ್ತುಗಾರರ ಸಂಘವೂ ಇದೆ, ಅದರ ಸದಸ್ಯರ ಪಟ್ಟಿ ಬಹಿರಂಗವಾಗಿದೆ. ಖಾತೆ ಬದಲಾಯಿತು ಎಂದು ಸಂದೇಶ ಬಂದರೆ ಆ ಸಂದೇಶ ತಂದ ನಂಬರಿಗೇ ಫೋನು ಮಾಡಿ ಕೇಳಬಾರದು. ನೀವೇ ಬೇರೆ ಕಡೆಯಿಂದ ಪಡೆದ ನಂಬರಿಗೆ ಮಾಡಬೇಕು. ಹಡಗು ರಸೀದಿಯ ಪ್ರತಿ ಬಂದ ದಿನವೇ ಹಡಗಿನ ಏಜೆಂಟರಲ್ಲಿ ವಿಚಾರಿಸಬೇಕು, ಹಡಗು ಬರುವತನಕ ಕಾಯುವುದಲ್ಲ. ನಮ್ಮ ಹುಡುಗ ಹಾಗೆ ಮಾಡಿದ್ದರೆ ಕೊನೆಯ ೬೫೦ ಆದರೂ ಉಳಿಯುತ್ತಿತ್ತು. ಗಾಡಿ ನಿಜವಾಗಿ ಬಂದರೂ ಮೀಟರನ್ನು ಹಿಂದಕ್ಕೆ ತಿರುಗಿಸಿರುವುದುಂಟು. ಷಾಕೆನ್ ಪತ್ರದಲ್ಲಿ ಓಡಿದ ಕಿಲೋಮೀಟರನ್ನು ಬರೆದಿರುತ್ತಾರೆ, ಅದರ ಜೊತೆ ತಾಳೆ ನೋಡಬೇಕು. ಹರಾಜಿನ ಚೀಟಿಯಲ್ಲಿ ದರ್ಜೆಯ ಜಾಗದಲ್ಲಿ ಆರ್ ಎಂಬ ಅಕ್ಷರವಿದ್ದರೆ ಗಾಡಿ ಅಪಘಾತವಾಗಿ ರಿಪೇರಿಯಾದದ್ದು ಎಂದು ತಿಳಿಯತಕ್ಕದ್ದು.

ನಮ್ಮ ದೇಶದಲ್ಲಿ ಈ ಬಾಧೆ ಇಲ್ಲವೆಂದು ಸಮಾಧಾನಪಡಬೇಡಿ. ಇಲ್ಲಿ ಹಳೆಯ ಮೋಟಾರಿನ ಆಮದಿಗೆ ಸಾಮಾನ್ಯ ನಿಯಮ ಬಹಳ ಬಿಗಿ: ಮೂರು ವರ್ಷಕ್ಕಿಂತ ಹಳೆಯದಾಗಿರಕೂಡದು, ಚಕ್ರ ಬಲಗಡೆ ಇರಬೇಕು, ಮುಂಬಯಿ ಬಂದರಿನಲ್ಲಿ ಮಾತ್ರ ಇಳಿಯಬೇಕು, ಸುಂಕವೋ ಗಾಡಿಯ ಬೆಲೆಯನ್ನೇ ಮೀರುತ್ತದೆ. ಆದುದರಿಂದ ನಮ್ಮಲ್ಲಿ ಕೂಲಿಗಾರ ಹೊರದೇಶದ ಹಳೆಯ ಗಾಡಿ ತರಿಸುವ ಪ್ರಶ್ನೆ ಇಲ್ಲ. ಮೋಸ ಮಾತ್ರ ಬೇರೆ ವೇಷದಲ್ಲಿ ಬರುತ್ತದೆ: ಕಸ್ಟಮ್ಸಿನವರು ಹಿಡಿದ ಗಾಡಿ ಅರ್ಧ ಬೆಲೆಗೆ, ವರ್ಗವಾಗಿ ಹೋಗುತ್ತಿರುವ ಸೈನ್ಯದ ಅಧಿಕಾರಿಯ ಗಾಡಿ ಅವಸರಕ್ಕೆ, ಎಂದು. ಸಮವಸ್ತ್ರದ ಚಿತ್ರ ನೋಡಿ ಮುಂಗಡ ಕಳಿಸಿದವರು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ಮೇಲಿನವರ ಕಥೆಯೂ ಇದೆಯೆನ್ನಿ. ೨೦೨೫ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆಯವರು ನುಮ್‌ಖೋರ್ ಎಂಬ ಹೆಸರಿನ ಶೋಧ ನಡೆಸಿ, ಭೂತಾನದಿಂದ ಸುಂಕ ತಪ್ಪಿಸಿ ತಂದು ಖೊಟ್ಟಿ ಕಾಗದಗಳ ಮೇಲೆ ನೋಂದಣಿ ಮಾಡಿಸಿದ ಆಪಾದನೆಯ ಹತ್ತಾರು ದುಬಾರಿ ಗಾಡಿಗಳನ್ನು ವಶಪಡಿಸಿಕೊಂಡರು. ಚಿತ್ರನಟರ ಮನೆಗಳಲ್ಲೂ ಶೋಧವಾಯಿತು. ಪತ್ರಿಕೆಗಳು ವಾರಗಟ್ಟಲೆ ಬರೆದವು. ಥೀಕಾದ ಜಾಬರನ ಪ್ರೋಬಾಕ್ಸಿನ ಬಗ್ಗೆ ಯಾವ ಪತ್ರಿಕೆಯೂ ಬರೆಯಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು ಎಂದು ಹುಡುಗನನ್ನು ಕೇಳಿದೆವು. ಅವನು ಯೋಚಿಸಿಯೇ ಬಂದಿದ್ದ. ಕೆನ್ಯಾದಲ್ಲಿ ಸ್ಯಾಕೋ ಎಂದು ಕರೆಯುವ ಉಳಿತಾಯ ಮತ್ತು ಸಾಲದ ಸಹಕಾರ ಸಂಘಗಳು ಬಹಳ ಬಲವಾಗಿವೆ. ಮತಾತು ಎಂಬ ಬಾಡಿಗೆ ವ್ಯಾನುಗಳ ಮಾಲೀಕರು ಅಂತಹ ಸಂಘಕ್ಕೋ ಕಂಪನಿಗೋ ಸೇರಿಯೇ ಗಾಡಿ ಓಡಿಸಬೇಕೆಂದು ಅಲ್ಲಿ ಕಟ್ಟಳೆಯೂ ಇದೆ. ಗಿರಣಿ ಕೂಲಿಗಾರರ ಸ್ಯಾಕೋ ಇವರಿಗೆ ಸಾಲ ಕೊಟ್ಟಿತು, ಸಾಲ ಎಲ್ಲಿಗೆ ಹೋಗುತ್ತದೆಂದು ಮಾತ್ರ ಕೇಳಲಿಲ್ಲ. “ಸಾಲ ಕೊಡೋ ಸಂಘನೇ ಗಾಡಿ ತರಿಸ್ಲಿ ಮಾವ. ಐದು ಜನಕ್ಕೆ ಐದು ಗಾಡಿ ಒಟ್ಟಿಗೆ ತರಿಸಿದ್ರೆ ಬ್ಯಾಂಕಿನ ಖರ್ಚು ಹಂಚಿ ಹೋಗ್ತದೆ, ಕಾಗದ ಬಂದಮೇಲೆ ದುಡ್ಡು ಅನ್ನೋ ಧೈರ್ಯ ಬರ್ತದೆ. ಒಬ್ಬನೇ ಕೇಳಿದ್ರೆ ಜಪಾನಿನವ ನಗ್ತಾನೆ, ಸಂಘ ಕೇಳಿದ್ರೆ ಕಾಗದ ಬರೀತಾನೆ” ಎಂದ. ಅವನ ಅಪ್ಪನೇ ಗೇಟಿನ ಮುಂದೆ ನಿಂತು ಮಾತಾಡಿದಂತಾಯಿತು ನಮಗೆ.

ಈ ವಿಚಾರವನ್ನು ಜಾಬರ್ ತಮ್ಮ ಸ್ಯಾಕೋದ ಸಭೆಯಲ್ಲಿ ಮಂಡಿಸಿದ್ದಾನೆ. ಏಳು ಜನ ಕೈಯೆತ್ತಿದರು, ಉಳಿದವರು ಮುಂದಿನ ಸಭೆಗೆ ನೋಡೋಣ ಎಂದರು. ಗಾಡಿ ತರಿಸುವವರು ಹಡಗು ರಸೀದಿಯನ್ನು ಸಂಘದ ಕಾರ್ಯದರ್ಶಿಗೆ ತೋರಿಸಿ, ಅವರು ಏಜೆಂಟರಲ್ಲಿ ವಿಚಾರಿಸಿದ ಮೇಲೆಯೇ ಎರಡನೆಯ ಕಂತು ಬಿಡುಗಡೆಯಾಗಬೇಕು ಎಂಬ ಸಣ್ಣ ನಿಯಮವನ್ನಂತೂ ಒಪ್ಪಿದ್ದಾರಂತೆ. ನಮ್ಮ ಹುಡುಗ ಬರುವ ಸೋಮವಾರ ಮುಂಬಯಿಯಿಂದ ವಿಮಾನ ಹತ್ತುತ್ತಾನೆ. ಮನೆಯ ಪಾಯ ತೋಡಿದ ಜಾಗದಲ್ಲಿ ಅವನ ತಾಯಿ ಈ ವರ್ಷ ಅವರೆ ಹಾಕಿದ್ದಾಳೆ. ಜಾಬರನ ಸಾಲದ ಕಂತು ಇನ್ನೂ ಹದಿನಾಲ್ಕು ತಿಂಗಳು ಸಂಬಳದಲ್ಲಿ ಕಡಿತವಾಗಬೇಕಿದೆ.